ಮಾಜಿ ಅಧ್ಯಕ್ಷರ ಸಂಪೂರ್ಣ ಸಹಕಾರ

ಆಳಂದ, ಜೇವರ್ಗಿ, ಅಫಜಲಪುರ ತಾಲೂಕುಗಳ ಪಂಚಾಯ್ತಿಗಳಲ್ಲಿ ಕಾರ್ಯದರ್ಶಿಯಾಗಿ ಕೂತು ಕೂತು ನನಗೆ ಒಂದು ಮಾತು ಖಾತ್ರಿಯಾಗಿದೆ. ಜಗಳ ಆಡುವವರಿಂದ ಪಂಚಾಯ್ತಿಗೆ ತೊಂದರೆಯಿಲ್ಲ. ಜಗಳಕ್ಕೆ ನಡವಳಿ ಪುಸ್ತಕದಲ್ಲಿ ಜಾಗವಿದೆ. ತೊಂದರೆ ಬರುವುದು ಸಹಕಾರ ಕೊಡುತ್ತೇನೆ ಎಂದು ಎದ್ದು ನಿಲ್ಲುವವರಿಂದ. ಇಂಥದ್ದು ಯಾವ ಊರಲ್ಲೂ ತಪ್ಪಿದ್ದಲ್ಲ. ನನ್ನ ಪಾಲಿಗೆ ಸಿಂಹಪಾಲು ಬಂದದ್ದು ಸೊನ್ನದ ಬ್ಯಾರೇಜಿನಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ.

ಅಲ್ಲಿ ಐದು ವರ್ಷ ಅಧ್ಯಕ್ಷರಾಗಿದ್ದವರು ಹೊಸ ಚುನಾವಣೆಯಲ್ಲಿ ಸದಸ್ಯರಾಗಿ ಗೆದ್ದರು, ಅಧ್ಯಕ್ಷಗಿರಿಗೆ ಮಾತ್ರ ಒಂದು ಕೈ ಕಡಿಮೆ ಬಿತ್ತು. ಆ ಕಡೆ ಏಳು, ಈ ಕಡೆ ಆರು. ಅಷ್ಟು ದಿನ ವಿರೋಧ ಮಾಡಿಕೊಂಡು ಬಂದವರು ಖುರ್ಚಿಗೆ ಏರಿದರು. ಊರ ಮಂದಿ ಇಬ್ಬರಿಗೂ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು ಒಬ್ಬರಿಗೆ ಹಾಲಿ, ಇನ್ನೊಬ್ಬರಿಗೆ ಮಾಜಿ ಎಂದರು. ನಾನೂ ಹಾಗೇ ಅನ್ನುತ್ತೇನೆ.

ಅದೇ ದಿನಗಳಲ್ಲಿ ಮೇಲೆ ದೊಡ್ಡ ಸರ್ಕಾರವೂ ಬದಲಾಗಿತ್ತು. ಸೋತ ಪಕ್ಷದ ನಾಯಕರು ಟಿವಿಯಲ್ಲಿ ಬಂದು, ಸದನದಲ್ಲಿ ಹೊಸ ಸರ್ಕಾರಕ್ಕೆ ರಚನಾತ್ಮಕ ಸಹಕಾರ ಕೊಡುತ್ತೇವೆ ಎಂದು ಹೇಳಿದರು. ಹೇಳಿದವರು ಮರೆತಿರಬಹುದು, ಕೇಳಿದ ನಮ್ಮ ಮಾಜಿ ಮರೆಯಲಿಲ್ಲ. ಮರುದಿನ ಕಚೇರಿಗೆ ಬಂದು, "ಸಾಹೇಬ್ರ, ಇವತ್ತಿಂದ ನಾನೂ ರಚನಾತ್ಮಕ ಆಗೇನಿ" ಎಂದರು.

ಅವರಿಗೆ ಒಂದು ಚಿಂತೆ ಇತ್ತು. ತಮ್ಮ ಅವಧಿಯಲ್ಲಿ ಊರ ಎಲ್ಲ ಓಣಿಗೂ ನಳ ಹಾಕಿಸಿದ್ದರು. ತಮ್ಮ ಮನೆಯಿದ್ದ ಕೆಳಗಿನ ಓಣಿಯನ್ನು ಮಾತ್ರ ಕೊನೆಗೆ ಇಟ್ಟಿದ್ದರು. ಮೊದಲೇ ಹಾಕಿಸಿದರೆ ಮಂದಿ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ. ಕೊನೆಯ ಓಣಿಯ ಸರದಿ ಬರುವಷ್ಟರಲ್ಲಿ ಖುರ್ಚಿ ಹೋಯಿತು. ಅವರ ಹೆಂಡತಿ ಈಗಲೂ ಊರ ಹೊರಗಿನ ಬಾವಿಯಿಂದ ನೀರು ಹೊರುತ್ತಿದ್ದರು. ಓಣಿಯ ನಳಕ್ಕೆ ಅನುದಾನ ಬಂದಿತ್ತು. ಮಾರ್ಚ್ ಮುಗಿಯುವುದರೊಳಗೆ ಪಂಚಾಯ್ತಿ ಸಭೆ ಒಪ್ಪಿ ಠರಾವು ಮಾಡದಿದ್ದರೆ ಅದು ವಾಪಸ್. ಮಾಜಿಯ ಸಹಕಾರದ ಬೇರು ಇಲ್ಲಿತ್ತು.

೧. ಅಭಿನಂದನೆ

ಹಾಲಿ ಐದು ವರ್ಷ ಕಿಟಕಿ ಪಕ್ಕದ ಖುರ್ಚಿಯಲ್ಲಿ ಕೂತು ವಿರೋಧ ಮಾಡಿದವರು. ನಾನು ಠರಾವು ಓದಿ ಉಸಿರು ಬಿಡುವುದರೊಳಗೆ, "ಇದಕ್ಕ ನಮ್ಮ ವಿರೋಧ ಅದ, ಬರ್ಕೋರಿ" ಅನ್ನುತ್ತಿದ್ದರು. ಏನು ಓದಿದೆ ಎಂಬುದು ಅವರಿಗೆ ಮುಖ್ಯವಲ್ಲ. ಒಮ್ಮೆ ಶ್ರದ್ಧಾಂಜಲಿಯ ಠರಾವಿಗೂ ಹಾಗೇ ಅಂದು, ಆಮೇಲೆ ಎಲ್ಲರಿಗಿಂತ ಮೊದಲು ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದ್ದರು.

ಅಧ್ಯಕ್ಷರಾದ ಮೇಲಿನ ಮೊದಲ ಸಭೆ. ಕೊರಳಲ್ಲಿ ಹಾರ, ಹಣೆ ತುಂಬ ವಿಭೂತಿ, ಹೊಸ ಧೋತರ. ಪದ್ಧತಿಯಂತೆ ನಾನು ಮೊದಲನೇ ಠರಾವು ಓದಿದೆ: ನೂತನ ಅಧ್ಯಕ್ಷರನ್ನು ಈ ಸಭೆಯು ಹೃತ್ಪೂರ್ವಕವಾಗಿ ಅಭಿನಂದಿಸುತ್ತದೆ.

ಅಧ್ಯಕ್ಷರ ಖುರ್ಚಿಯಿಂದಲೇ ಗಟ್ಟಿ ದನಿ ಬಂತು: "ಇದಕ್ಕ ನಮ್ಮ ವಿರೋಧ ಅದ, ಬರ್ಕೋರಿ."

ಅಧ್ಯಕ್ಷರ ಮಾತು ಬರೆದುಕೊಳ್ಳುವುದು ನನ್ನ ಕೆಲಸ, ಬರೆದುಕೊಂಡೆ. ಆಗ ಮಾಜಿ ಎದ್ದು ಕೈ ಮುಗಿದು, "ನಮ್ಮ ಆರೂ ಮಂದಿ ಸಂಪೂರ್ಣ ಸಹಕಾರ ಅದ್ರಿ" ಎಂದರು. ಹೀಗೆ ಹೊಸ ಅಧ್ಯಕ್ಷರ ಅಭಿನಂದನೆ ಅಧ್ಯಕ್ಷರ ವಿರೋಧದ ನಡುವೆ, ವಿರೋಧ ಪಕ್ಷದ ಬೆಂಬಲದಿಂದ ಪಾಸಾಯಿತು. ನಡವಳಿ ಪುಸ್ತಕದಲ್ಲಿ ಇವತ್ತಿಗೂ ಹಾಗೇ ಇದೆ.

೨. ಗೋದಲಿಯ ಕೆಳಗೆ

ಮಾಜಿಯ ಸಹಕಾರ ಎಂಥದ್ದೆಂದರೆ, ಕಚೇರಿಯ ಬೀಗ ತೆಗೆಯುವುದಕ್ಕೆ ನಾನು ಹೋದಾಗ ಅವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಯಾರಾದರೂ ದೂರು ಹೇಳಲು ಬಂದರೆ ಹಾಲಿ ಬಾಯಿ ತೆರೆಯುವ ಮೊದಲೇ ಇವರು ಉತ್ತರ ಕೊಟ್ಟು ಕಳಿಸುತ್ತಿದ್ದರು. ತಪ್ಪು ಅವರದಲ್ಲ. ಐದು ವರ್ಷದ ಬಾಯಿಗೆ ಒಂದೇ ದಿನದಲ್ಲಿ ಬೀಗ ಹಾಕಲು ಬರುವುದಿಲ್ಲ.

ಒಂದು ದಿನ ಹಾಲಿಯ ಓಣಿಗೆ ನೀರು ನಿಂತಿತು. ವಾಲ್ವ್ ಕೆಟ್ಟಿದೆ ಎಂದು ನೀರಗಂಟಿ ಹೇಳಿದ. ಆದರೆ ವಾಲ್ವ್ ಎಲ್ಲಿದೆ ಎಂಬುದು ಯಾರಿಗೂ ಗೊತ್ತಿಲ್ಲ. ನಕಾಶೆ ಎಂಬ ವಸ್ತು ನಮ್ಮಲ್ಲಿ ಇರಲಿಲ್ಲ, ನಕಾಶೆ ಮಾಜಿಯ ತಲೆಯಲ್ಲಿತ್ತು. ಅವರನ್ನು ಕೇಳಲು ಹಾಲಿಗೆ ಅಭಿಮಾನ ಅಡ್ಡ ಬಂತು. ಮೂರು ದಿನ ರಸ್ತೆ ಅಗೆಸಿದರು. ವಾಲ್ವ್ ಬಿಟ್ಟು ಉಳಿದಿದ್ದೆಲ್ಲ ಸಿಕ್ಕಿತು, ಯಾರದೋ ಅಜ್ಜನ ಕಾಲದ ಒರಳೂ ಸಿಕ್ಕಿತು.

ನಾಲ್ಕನೇ ದಿನ ಮಾಜಿ ತಾವೇ ಬಂದರು. "ಶರಣ್ರಿ ಅಧ್ಯಕ್ಷರ. ಸಹಕಾರ ಕೊಡಬೇಕಂತ ಬಂದೇನಿ. ವಾಲ್ವು ನಿಮ್ಮ ಮನಿ ಗೋದಲಿ ಕೆಳಗ ಅದ."

ಹಾಲಿಯ ಮುಖ ಕೆಂಪಾಯಿತು. ಅವರು ಎರಡು ವರ್ಷದ ಹಿಂದೆ ದನಗಳ ಮೇವಿಗೆಂದು ಕಟ್ಟಿಸಿದ ಗೋದಲಿ ಸರ್ಕಾರಿ ರಸ್ತೆಯ ಮೇಲೆ ಮೂರು ಮಾರು ಮುಂದೆ ಬಂದಿತ್ತು. "ಹಂಗಾದ್ರ ನೀವು ಅಧ್ಯಕ್ಷ ಇದ್ದಾಗೇ ಯಾಕ ಹೇಳ್ಲಿಲ್ಲ?" ಎಂದು ಕೇಳಿದರು.

"ಆಗ ಹೇಳಿದ್ರ ಸೇಡು ಅಂತಿದ್ರಿ. ಈಗ ಹೇಳಿದ್ರ ಸಹಕಾರ ಆಗ್ತದ" ಎಂದರು ಮಾಜಿ. ಮಾತಿನಲ್ಲಿ ಕುಹಕದ ಲವಲೇಶವೂ ಇರಲಿಲ್ಲ, ಅದೇ ಕಷ್ಟ.

ಅಧ್ಯಕ್ಷರ ಗೋದಲಿಯನ್ನು ಅಧ್ಯಕ್ಷರ ಆದೇಶದಂತೆಯೇ ಒಡೆದೆವು. ನೀರು ಬಂತು. ಹಾಲಿಯ ಎಮ್ಮೆ ಮಾತ್ರ ವಾರದ ತನಕ ಮಾಜಿಯನ್ನು ಕಂಡರೆ ಕೊಂಬು ತಿರುಗಿಸುತ್ತಿತ್ತು.

೩. ಶಕ್

ಗೋದಲಿ ಹೋದ ಮೇಲೆ ಹಾಲಿಯ ಗುಂಪಿಗೆ ಸಹಕಾರ ಎಂದರೇ ಶಕ್ ಹತ್ತಿತು. ಮಾಜಿ ಬೀದಿ ದೀಪಕ್ಕೆ ಹೂಂ ಅಂದರು, ಇದರಲ್ಲಿ ಏನೋ ಅದ ಎಂದು ಹಾಲಿಯ ಕಡೆಯವರು ಮುಂದೂಡಿದರು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಲು ಹೂಂ ಅಂದರು, ಅದನ್ನೂ ಮುಂದೂಡಿದರು. ಒಂದು ಸಭೆಯಲ್ಲಿ ಮಾಜಿ ಚಹಾ ಕುಡಿದು, "ಇವತ್ತ ಚಹಾ ಭಾಳ ಛಲೋ ಆಗ್ಯದ" ಎಂದರು. ಎದುರಿಗಿದ್ದ ಏಳೂ ಮಂದಿ ಕಪ್ಪು ಕೆಳಗಿಟ್ಟರು.

ಫೆಬ್ರವರಿ ಸಭೆಗೆ ಕೆಳಗಿನ ಓಣಿಯ ನಳದ ಠರಾವು ಬಂತು. ಮಾಜಿ ಎದ್ದು ನಿಂತರು. ಆ ಓಣಿಯ ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡದ ಬಗ್ಗೆ, ಬೇಸಿಗೆಯಲ್ಲಿ ಬಾವಿಯ ತಳದ ಬಗ್ಗೆ, ಎಷ್ಟು ಚಂದ ಮಾತಾಡಿದರೆಂದರೆ ನನ್ನ ಕಣ್ಣಲ್ಲೂ ನೀರು ಬಂತು. ಕೊನೆಗೆ, "ಇದಕ್ಕ ನಮ್ಮದು ನೂರಕ್ಕ ನೂರು ಬೆಂಬಲ" ಎಂದರು.

ಹಾಲಿ ತಮ್ಮ ಪಕ್ಕದವರ ಮುಖ ನೋಡಿದರು. "ಇಷ್ಟು ಬೆಂಬಲ ಅದ ಅಂದ್ಮ್ಯಾಲ ಜರಾ ವಿಚಾರ ಮಾಡಬೇಕು. ಮುಂದಿನ ಸಭಾಕ್ಕ ಇಡ್ರಿ" ಎಂದರು. ಮಾರ್ಚ್ ತಿಂಗಳಿಗೆ ಉಳಿದದ್ದು ಒಂದೇ ಸಭೆ.

೪. ವಿರೋಧದ ಅಭ್ಯಾಸ

ಮರುದಿನ ಚೌಡಾಪುರದ ಹೋಟೆಲಿನಲ್ಲಿ ಮಾಜಿ ನನ್ನ ಎದುರು ಕೂತರು. ಚುರುಮುರಿ ಸುಸಲಾದ ತಟ್ಟೆ ಮುಟ್ಟಲಿಲ್ಲ. "ಐದು ವರ್ಷ ನಮ್ಮ ಮನಿಯಾಕಿಗೆ, ನಾಳಿ ಬರ್ತದ ನೀರು, ನಾಳಿ ಬರ್ತದ ಅಂದೇನಿ ಸಾಹೇಬ್ರ. ಈಗ ಯಾವ ಮುಖ ತಗೊಂಡು ಮನಿಗೆ ಹೋಗ್ಲಿ?" ಎಂದರು. ನನಗೆ ನಿಜವಾಗಿ ಸಂಕಟವಾಯಿತು.

ಕಾರ್ಯದರ್ಶಿಯಾದವನು ಯಾರ ಕಡೆಗೂ ವಾಲಬಾರದು. ಆದರೆ ಎತ್ತಿನ ಬಗ್ಗೆ ಮಾತಾಡಬಾರದು ಎಂದು ಯಾವ ನಿಯಮವೂ ಇಲ್ಲ. "ನಮ್ಮ ಭೂಸನೂರ ಕಡಿ ಕಬ್ಬಿನ ಗಾಡಿ ಎತ್ತಿನಾಗ ಒಂದೊಂದು ಹಂಗೇ ಇರ್ತದ್ರಿ" ಎಂದೆ. "ಮುಂದ ನಿಂತು ಎಳದ್ರ ಹಿಂದ ಸರೀತದ. ಹಿಂದ ನಿಂತು ಬಾಲ ಜಗ್ಗಿದ್ರ ಮುಂದ ಓಡ್ತದ."

ಮಾಜಿ ತಟ್ಟೆ ಪಕ್ಕಕ್ಕೆ ಸರಿಸಿ ಮುಂದೆ ಬಾಗಿದರು. "ಅಂದ್ರ ನನ್ನ ಮನಿ ಮುಂದಿನ ನಳಕ್ಕ ನಾನೇ ಬ್ಯಾಡ ಅನ್ಲೇನ್ರಿ?"

"ನಾ ಎತ್ತಿನ ಮಾತು ಹೇಳಾಕತ್ತೇನಿ" ಎಂದೆ.

ಆದರೆ ಅವರಿಗೆ ವಿರೋಧ ಮಾಡಿ ರೂಢಿ ಇರಲಿಲ್ಲ. ಅಲ್ಲೇ ಅಭ್ಯಾಸ ಮಾಡಿ ನೋಡಿದರು. "ಈ ಠರಾವು ಭಾಳ ಛಲೋ ಅದ, ಖರೆ..." ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಂಡರು. ಮೂರು ಸಲ ಹಾಗೇ ಆಯಿತು. ಕೊನೆಗೆ ಕಚೇರಿಗೆ ಕರೆದುಕೊಂಡು ಬಂದು ಹಳೆಯ ನಡವಳಿ ಪುಸ್ತಕ ಅವರ ಮುಂದಿಟ್ಟೆ. ಹಾಲಿ ಐದು ವರ್ಷ ಮಾಡಿದ ವಿರೋಧವೆಲ್ಲ ಅದರಲ್ಲಿ ನನ್ನ ಕೈಬರಹದಲ್ಲೇ ಇತ್ತು. ಮೇಲಿನ ಓಣಿಗೆ ನಳ ಹಾಕುವಾಗ ಹಾಲಿ ಆಡಿದ ಮಾತನ್ನು ಮಾಜಿ ಒಂದು ಚೀಟಿಯಲ್ಲಿ ಬರೆದುಕೊಂಡರು. ಊರಲ್ಲಿ ಯಾರಿಗೂ ಹೇಳಬಾರದು, ಮನೆಯಲ್ಲೂ ಹೇಳಬಾರದು ಎಂದು ಇಬ್ಬರೂ ಮಾತಾಡಿಕೊಂಡೆವು. ನಳದಲ್ಲಿ ನೀರು ಬರುವ ಮೊದಲೇ ಗುಟ್ಟು ಹೊರಬಿದ್ದರೆ ಹಾಲಿ ಠರಾವನ್ನೇ ರದ್ದು ಮಾಡುವವರು.

ಮಾರ್ಚ್ ಸಭೆ. ನಾನು ಠರಾವು ಓದಿದೆ. ಮಾಜಿ ಎದ್ದು, ಚೀಟಿ ನೋಡಿಕೊಂಡು, ಶಾಲೆಯ ಹುಡುಗ ಪದ್ಯ ಒಪ್ಪಿಸಿದಂತೆ ಹೇಳಿದರು: "ಇದಕ್ಕ ನಮ್ಮ ವಿರೋಧ ಅದ. ನಳ ಹಾಕಿದ್ರ ರಸ್ತಾ ಕೆಡ್ತದ. ನಮ್ಮ ಹಿರಿಯಾರು ನಳದ ನೀರು ಕುಡದು ಬದುಕಿದವರಲ್ಲ. ಹೆಣ್ಣುಮಕ್ಕಳು ಕೊಡ ಹೊತ್ರ ಅವರ ಆರೋಗ್ಯಕ್ಕ ಛಲೋ."

ಅವರ ಗುಂಪಿನ ಐವರು ಬಾಯಿ ತೆರೆದು ಕೂತರು. ಹಾಲಿ ಮಾತ್ರ ಮೇಜು ಗುದ್ದಿ ಎದ್ದರು. "ಎಂಥಾ ತಿಳಿಗೇಡಿ ಮಾತ್ರಿ ಇದು? ಹೆಣ್ಣುಮಕ್ಕಳು ನೀರು ಹೊತ್ತು ಸಾಯಬೇಕಂತ ಹೇಳಿದವರು ಮನುಷ್ಯರೇನ್ರಿ? ಇಂಥ ಮಾತು ಈ ಸಭಾದಾಗ ಇದೇ ಮೊದಲ ಸಲ ಕೇಳಾಕತ್ತೇನಿ."

ನಾನು ತಲೆ ತಗ್ಗಿಸಿ ಬರೆದುಕೊಂಡೆ. ಆ ಐವರೂ ಮಾಜಿಯ ಹಿಂದೆಯೇ ವಿರೋಧಕ್ಕೆ ಕೈ ಎತ್ತಿದರು, ಏಳಕ್ಕೆ ಆರು ಮತದಿಂದ ಠರಾವು ಪಾಸಾಯಿತು. ಮಾಜಿ ಸೋತವರಂತೆ ಮುಖ ಮಾಡಿಕೊಂಡು ಹೊರಗೆ ಬಂದು, ಗೋಡೆಯ ಮರೆಯಲ್ಲಿ ನನ್ನ ಕೈ ಹಿಡಿದು ಕುಲುಕಿದರು.

೫. ಆರೋಗ್ಯ

ಪಂಚಾಯ್ತಿಯ ಸುದ್ದಿ ಕಾಲಿಲ್ಲದೆ ಓಡುತ್ತದೆ. ಮಾಜಿ ಮನೆ ಮುಟ್ಟುವ ಮೊದಲೇ ಓಣಿಯ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದರು. ಎಲ್ಲರ ಮುಂದೆ ಅವರ ಹೆಂಡತಿ.

"ಊರಿಗೆ ಉಪಕಾರಿ, ಮನಿಗೆ ಮಾರಿ ಅಂತ ಕೇಳಿದ್ದೆ. ಈಗ ಕಣ್ಣಿಂದ ನೋಡಿದೆ" ಎಂದರು ಆ ತಾಯಿ. "ಕೊಡ ಹೊತ್ರ ಆರೋಗ್ಯಕ್ಕ ಛಲೋ ಅಂತಲ್ಲ? ನಿಮ್ಮ ಆರೋಗ್ಯ ಭಾಳ ಸೂಕ್ಷ್ಮ ಅದ. ನಾಳಿಂದ ನೀವೇ ಹೊರ್ರಿ."

ಮಾಜಿ ಬಾಯಿ ಬಿಡುವಂತಿರಲಿಲ್ಲ. ಎರಡು ತಿಂಗಳು ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ. ತಾವು ಹೊತ್ತು ತಂದ ನೀರನ್ನು ಮನೆಯಲ್ಲಿ ಕುಡಿಯಲೂ ಅಪ್ಪಣೆಯಿಲ್ಲ. ಬಾಯಾರಿದರೆ ನನ್ನ ಕಚೇರಿಗೆ ಬರುತ್ತಿದ್ದರು. ದಾರಿಯಲ್ಲಿ ಹಾಲಿ ಎದುರಾದರೆ, "ಹ್ಯಾಂಗದ್ರಿ ಆರೋಗ್ಯ?" ಎಂದು ಕೇಳುತ್ತಿದ್ದರು. ಮಾಜಿ ತಲೆಯ ಮೇಲಿನ ಕೊಡ ಅಲುಗದಂತೆ, "ಸುಧಾರಿಸಾಕತ್ತದ್ರಿ" ಅನ್ನುತ್ತಿದ್ದರು.

೬. ಉದ್ಘಾಟನೆ

ಮೇ ತಿಂಗಳಲ್ಲಿ ನಳ ಸಿದ್ಧವಾಯಿತು. ಹಾಲಿ ಅದರ ಪಕ್ಕ ಒಂದು ಶಹಾಬಾದ್ ಕಲ್ಲು ನಿಲ್ಲಿಸಿ ಪರದೆ ಹಾಕಿಸಿದ್ದರು. ಬರೆಸಿದ್ದು ಏನೆಂದು ನನಗೂ ತೋರಿಸಿರಲಿಲ್ಲ. ಪರದೆ ಸರಿಯಿತು. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು ಎಲ್ಲರ ಹೆಸರೂ ಇತ್ತು. ಕೊನೆಯ ಸಾಲಿನಲ್ಲಿ ಕೆಂಪು ಬಣ್ಣದಲ್ಲಿ ಹೀಗಿತ್ತು: ವಿರೋಧಿಸಿದವರು, ಮಾಜಿ ಅಧ್ಯಕ್ಷರು ಮತ್ತು ಸಂಗಡಿಗರು.

ನಮ್ಮ ನಿಯಮ ಪುಸ್ತಕದಲ್ಲಿ ಇದಕ್ಕೆ ಅವಕಾಶವೂ ಇಲ್ಲ, ಅಡ್ಡಿಯೂ ಇಲ್ಲ. ಮಾಜಿ ಕಲ್ಲು ಓದಿ ತಲೆ ಕೆಳಗೆ ಹಾಕಿದರು. ಯಾರ ಸಲುವಾಗಿ ಇಷ್ಟೆಲ್ಲ ಮಾಡಿದರೋ ಆ ಹೆಂಡತಿಯೇ ಮುಖ ತಿರುಗಿಸಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. ಹಾಲಿ ನಳ ತಿರುಗಿಸಿದರು, ನೀರು ಧಾರೆಯಾಗಿ ಬಿತ್ತು, ಜನ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ನಾನು ಆ ತಾಯಿಯನ್ನು ಪಕ್ಕಕ್ಕೆ ಕರೆದು ಚೌಡಾಪುರದ ಹೋಟೆಲಿನಿಂದ ಹಿಡಿದು ಎಲ್ಲ ಹೇಳಿಬಿಟ್ಟೆ.

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಳದ ಹತ್ತಿರ ಹೋಗಿ ತಂಬಿಗೆ ತುಂಬಿ ತಂದು ಗಂಡನ ಕೈಗೆ ಕೊಟ್ಟು, "ಕುಡೀರಿ" ಎಂದರು. ಎರಡು ತಿಂಗಳ ನಂತರ ಹೆಂಡತಿ ಕೊಟ್ಟ ನೀರು. ಮಾಜಿ ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಎತ್ತಿದರು.

ಆ ತಾಯಿ ಸುತ್ತ ನೋಡಿದರು. ಚರಂಡಿಯಿಲ್ಲದೆ ಓಣಿಯ ನಡುವೆ ಹರಿದು ನಿಂತ ರಾಡಿ ನೋಡಿದರು. ಆಮೇಲೆ ಹಾಲಿಯ ಮುಂದೆ ಹೋಗಿ ಕೈ ಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಅಧ್ಯಕ್ಷರ, ನಳ ಕೊಟ್ರಿ, ನಿಮಗ ಪುಣ್ಯ ಬರ್ಲಿ. ಗಟಾರ ಒಂದು ಆಗಿದ್ರ ಛಲೋ ಇತ್ತು. ಖರೆ ಅದು ಆಗೂದಿಲ್ಲ ಬಿಡ್ರಿ. ಗಟಾರಕ್ಕ ನಮ್ಮ ಮನಿಯವರದು ಭಾಳ ವಿರೋಧ ಅದ."

ಹಾಲಿ ಎದೆ ಸೆಟೆಸಿ ನನ್ನ ಕಡೆ ತಿರುಗಿದರು. "ಸಾಹೇಬ್ರ, ಮುಂದಿನ ಸಭಾದಾಗ ಗಟಾರದ ವಿಷಯ ಮೊದಲಿಗೆ ಇಡ್ರಿ. ಯಾವ ಮಗ ತಡೀತಾನ ನೋಡ್ತೇನಿ."

ತಂಬಿಗೆ ಎತ್ತಿದ್ದ ಮಾಜಿಗೆ ನೀರು ನೆತ್ತಿಗೇರಿತು.