ಸರ್ವಮಂಗಳಮ್ಮನವರ ಎಕ್ಸ್ ಸಂಹಾರ

ಶನಿವಾರಸಂತೆಯ ಸರ್ವಮಂಗಳಮ್ಮನವರಿಗೆ ಸೋಲೊಪ್ಪಿಕೊಂಡು ಅಭ್ಯಾಸವಿಲ್ಲ. ಮೂವತ್ತೊಂದು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದಾಗಲೂ ಅವರು ಸೋತಿರಲಿಲ್ಲ. ಪ್ರಶ್ನೆಪತ್ರಿಕೆಯೇ ಸರಿ ಇರಲಿಲ್ಲ. (ಅದೇ ಪತ್ರಿಕೆ ಬರೆದು ಪಾಸಾದವರು ಊರಲ್ಲಿ ಒಂಬತ್ತು ಜನ ಇದ್ದಾರೆ. ಅವರ ವಿಷಯ ಬೇರೆ.) ಆಮೇಲೆ ಮದುವೆಯಾಯಿತು, ಮಗ ಹುಟ್ಟಿದ, ಸೊಸೆ ಬಂದಳು. ಗಣಿತ ಎಂಬುದೊಂದು ಲೋಕದಲ್ಲಿದೆ ಎನ್ನುವುದೇ ಮರೆತುಹೋಗಿತ್ತು. ಅದನ್ನು ನೆನಪಿಸಿದ ಪುಣ್ಯ ಮಹಿಳಾ ಸಂಘದ ಪೂಜಿತಾಳಿಗೆ ಸಲ್ಲಬೇಕು.

ಸಂಘದಲ್ಲಿ ಸರ್ವಮಂಗಳಮ್ಮ ಬಹಳ ವರ್ಷಗಳಿಂದ ಉಪಾಧ್ಯಕ್ಷೆ. ಚುನಾವಣೆಗೆ ಇನ್ನೂ ತಿಂಗಳುಗಳಿರುವಾಗಲೇ, ಈ ಸಲ ಅಧ್ಯಕ್ಷಗಿರಿ ತಮಗೇ ಎಂದು ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೂ ಹಾಕಿದ್ದರು. ಅಷ್ಟರಲ್ಲಿ ಪೂಜಿತಾ ಸಭೆಯಲ್ಲಿ ಎದ್ದು ನಿಂತು, ಅಧ್ಯಕ್ಷೆಯಾಗುವವರು ಎಸ್ಸೆಸ್ಸೆಲ್ಸಿಯನ್ನಾದರೂ ಪಾಸು ಮಾಡಿರಬೇಕು ಎಂಬ ಹೊಸ ನಿಯಮ ಮಂಡಿಸಿದಳು. ಬಹುಮತದಿಂದ ಪಾಸಾಯಿತು. (ನಿಯಮ ಪಾಸಾಯಿತು. ಸರ್ವಮಂಗಳಮ್ಮ ಆಗಿರಲಿಲ್ಲ.)

“ನಾನು ಪರೀಕ್ಷೆ ಕಟ್ತೀನಿ!” ಮನೆಗೆ ಬಂದವರೇ ಅಂಗಳದಲ್ಲಿ ಗುಡುಗಿದರು.

ಕಾಳುಮೆಣಸು ಒಣಹಾಕುತ್ತಿದ್ದ ಗಂಡ ಸಿದ್ದಬಸಪ್ಪ ಬಗ್ಗಿದ ಸೊಂಟ ಎತ್ತಲಿಲ್ಲ. “ನಲವತ್ತೇಳು ವರ್ಷಕ್ಕೆ ಬೀಜಗಣಿತವಾ? ಅದು ಹಲಸಿನ ಬೀಜ ಎಣಿಸಿದಂಗಲ್ಲ ಕಣೇ ಮಂಗಳ.”

“ನೀವು ಮೆಣಸು ನೋಡ್ಕಳಿ. ಬರೀತೀನಿ ಅಂದ್ರೆ ಬರೀತೀನಿ. ಪಾಸಾಗ್ತೀನಿ ಅಂದ್ರೆ ಆಗ್ತೀನಿ!”

ಪ್ರತಿಜ್ಞೆಯೇನೋ ಭೀಷ್ಮನದಕ್ಕಿಂತ ಜೋರಾಗಿಯೇ ಆಯಿತು. ಪಾಠ ಹೇಳುವವರು ಯಾರು? ಆ ಮನೆಯಲ್ಲಿ ಗಣಿತ ಬಲ್ಲವಳು ಒಬ್ಬಳೇ: ಸೊಸೆ ಶರ್ಮಿಳಾ. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಆರು ವರ್ಷಗಳಿಂದ ಆ ಮನೆಯಲ್ಲಿ ಪಾಠ ಹೇಳುತ್ತಿದ್ದವರು ಅತ್ತೆ, ತಲೆಯಾಡಿಸುತ್ತಿದ್ದವಳು ಸೊಸೆ. ಸಾರಿಗೆ ಒಗ್ಗರಣೆ ಯಾವಾಗ, ಯಾರ ಮನೆಗೆ ಹೋದರೆ ಎಷ್ಟು ಹೊತ್ತು ಕೂರಬೇಕು, ಎಲ್ಲಕ್ಕೂ ಪಠ್ಯಕ್ರಮವಿತ್ತು. ಈಗ ದಿನಾ ಬೆಳಗ್ಗೆ ಆರರಿಂದ ಏಳರವರೆಗೆ ಸರ್ಕಾರ ಬದಲಾಯಿತು.

ಮೊದಲ ಎರಡು ತಿಂಗಳು ಹೇಗೋ ಕಳೆಯಿತು. ಆಮೇಲೆ ಬಂತು ‘ಭಾಗಲಬ್ಧ ಬೀಜೋಕ್ತಿ’. ಗೆರೆಯ ಮೇಲೊಂದು ಬೀಜೋಕ್ತಿ, ಅದಕ್ಕೆ ಅಂಶ ಎಂದು ಹೆಸರು. ಗೆರೆಯ ಕೆಳಗೊಂದು, ಅದು ಛೇದ.

“ಛೇದ ಯಾವತ್ತೂ ಸೊನ್ನೆ ಆಗಬಾರದು ಅತ್ತೆ. ಕೆಳಗೆ ಎಕ್ಸ್ ಮೈನಸ್ ಮೂರು ಇದ್ರೆ ಎಕ್ಸ್‌ಗೆ ಮೂರು ಅನ್ನೋ ಬೆಲೆ ಕೊಡಂಗಿಲ್ಲ.”

“ಅಂದ್ರೆ, ಮೂರು ಅನ್ನೋದನ್ನ ಒಳಗೇ ಬಿಡಂಗಿಲ್ಲ?”

“ಹೂಂ ಅತ್ತೆ.”

ಈ ನಿಯಮ ಸರ್ವಮಂಗಳಮ್ಮನವರಿಗೆ ಬಹಳ ಹಿಡಿಸಿತು. ಯಾರನ್ನು ಒಳಗೆ ಬಿಡಬಾರದು ಎಂದು ಬಾಗಿಲಲ್ಲೇ ಬರೆದಿಡುವ ಶಾಸ್ತ್ರ! ಗಣಿತದ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. ಆ ಗೌರವ ಮಾರನೆಯ ದಿನ ಆರೂಕಾಲಿನವರೆಗೆ ಉಳಿಯಿತು.

ಮಾರನೆಯ ದಿನದ ಲೆಕ್ಕದಲ್ಲಿ ಮೇಲೆ ಎಕ್ಸ್ ಪ್ಲಸ್ ಮೂರು, ಕೆಳಗೆ ಎಕ್ಸ್ ಪ್ಲಸ್ ಐದು. ಸರ್ವಮಂಗಳಮ್ಮ ಪೆನ್ನು ಎತ್ತಿ ಮೇಲಿನ ಎಕ್ಸಿಗೊಂದು, ಕೆಳಗಿನ ಎಕ್ಸಿಗೊಂದು ಗೀಟು ಎಳೆದು, “ಮೂರರ ಕೆಳಗೆ ಐದು. ಮುಗೀತು” ಎಂದರು.

“ಅಯ್ಯೋ, ಹಂಗೆ ಹೊಡೆದು ಹಾಕಂಗಿಲ್ಲ ಅತ್ತೆ!”

“ಯಾಕೆ? ಮೇಲೂ ಎಕ್ಸು, ಕೆಳಗೂ ಎಕ್ಸು. ನಿನ್ನೆ ನೀನೇ ಹೊಡೆದು ಹಾಕ್ದೆ.”

“ನಿನ್ನೇದು ಗುಣಾಕಾರದಲ್ಲಿತ್ತು. ಇದು ಕೂಡಿರೋದು. ರೊಟ್ಟಿ ಹಿಟ್ಟಿಗೆ ಉಪ್ಪು ಹಾಕಿ ನಾದಿ ಆದ್ಮೇಲೆ ಉಪ್ಪನ್ನ ಮಾತ್ರ ವಾಪಸ್ ತೆಗೆಯಕ್ಕಾಗ್ತದಾ?”

“ಸಾರಿಗೆ ಉಪ್ಪು ಜಾಸ್ತಿ ಆದ್ರೆ ನಾನು ಆಲೂಗೆಡ್ಡೆ ಹಾಕಿ ತೆಗೀತೀನಿ. ನಿಂಗೆ ಬರಲ್ಲ ಅಷ್ಟೇ.”

ಶರ್ಮಿಳಾ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. “ಎಕ್ಸ್‌ಗೆ ಒಂದು ಅಂತ ಹಾಕಿ ನೋಡಿ. ಮೇಲೆ ನಾಲ್ಕು, ಕೆಳಗೆ ಆರು. ಅಂದ್ರೆ ಮೂರನೇ ಎರಡು. ನಿಮ್ಮ ಉತ್ತರ ಐದನೇ ಮೂರು. ಹೊಂದ್ತದಾ?”

“ನಿನ್ನ ಎಕ್ಸು ಒಂದಿರಬಹುದು. ನನ್ನ ಎಕ್ಸು ಒಂದಲ್ಲ!”

ಒಳಗೆ ಬಂದ ಸಿದ್ದಬಸಪ್ಪ, ಪುಸ್ತಕದಲ್ಲಿ ‘ಸಂಕ್ಷೇಪಿಸಿ’ ಎಂದು ಬರೆದಿದ್ದನ್ನು ಬಗ್ಗಿ ಓದಿ, “ಮೊದಲು ಮಾತನ್ನ ಸಂಕ್ಷೇಪಿಸೋದು ಕಲಿ ಕಣೇ” ಎಂದರು. ಅಂದು ಅವರಿಗೆ ಕಾಫಿ ಸಿಕ್ಕಿದ್ದು ಹತ್ತು ಗಂಟೆಗೆ.

ಮುಂದಿನ ವಾರ ಯುದ್ಧಕ್ಕೆ ದೈವಸಹಾಯವೂ ಒದಗಿತು. ಲೆಕ್ಕ ಇದು: ಮೇಲೆ ಎಕ್ಸ್ ವರ್ಗ ಮೈನಸ್ ಒಂಬತ್ತು, ಕೆಳಗೆ ಎಕ್ಸ್ ಮೈನಸ್ ಮೂರು. ಸರ್ವಮಂಗಳಮ್ಮ ಎಕ್ಸ್ ವರ್ಗವನ್ನು ಎಕ್ಸಿನಿಂದ ಹೊಡೆದರು, ಎಕ್ಸ್ ಉಳಿಯಿತು. ಒಂಬತ್ತನ್ನು ಮೂರರಿಂದ ಹೊಡೆದರು, ಮೂರು ಬಂತು. ಮೈನಸ್ಸಿಗೆ ಮೈನಸ್ಸು ಸೇರಿ ಪ್ಲಸ್. ಉತ್ತರ: ಎಕ್ಸ್ ಪ್ಲಸ್ ಮೂರು. ಪುಸ್ತಕದ ಹಿಂದೆ ನೋಡಿದರೆ ಅಲ್ಲಿಯೂ ಎಕ್ಸ್ ಪ್ಲಸ್ ಮೂರು!

“ದಾರಿ ತಪ್ಪು ಅತ್ತೆ. ಅಪವರ್ತಿಸಿ, ಅಂದ್ರೆ ಗುಣಾಕಾರವಾಗಿ ಬಿಡಿಸಿ, ಆಮೇಲೆ...”

“ಊರು ಮುಟ್ಟಿದ್ನೋ ಇಲ್ವೋ? ನಾನು ಯಾವ ಬಸ್ಸಲ್ಲಿ ಬಂದ್ರೆ ನಿಂಗೇನು!”

ಅಂದಿನಿಂದ ಶರ್ಮಿಳಾ ವಾದ ಬಿಟ್ಟಳು. ಸರ್ವಮಂಗಳಮ್ಮ ಪರೀಕ್ಷೆಗೆ ಹೋಗಿ, ಕಂಡ ಕಂಡ ಎಕ್ಸುಗಳನ್ನೆಲ್ಲ ಸಂಹರಿಸಿ ಬಂದರು. ಫಲಿತಾಂಶವೂ ಬಂತು. ಗಣಿತದಲ್ಲಿ ಮೂವತ್ತೈದು. ಪಾಸು! ಮನೆಯಲ್ಲಿ ಪಾಯಸವಾಯಿತು. ಪೂಜಿತಾಳ ಮನೆಗೆ ಒಂದು ಪಾತ್ರೆ ಪಾಯಸ ವಿಶೇಷವಾಗಿ ಹೋಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಹೇಳುವ ಅಗತ್ಯವಿರಲಿಲ್ಲ. ಪಾಯಸ ಕುಡಿಯುತ್ತಲೇ ಸರ್ವಮಂಗಳಮ್ಮನವರಿಗೆ ಅನ್ಯಾಯದ ಅರಿವಾಯಿತು. “ಮೂವತ್ತೈದಾ? ನಾನು ಬರ್ದಿದ್ದು ಅರವತ್ತಕ್ಕೆ. ಯಾರೋ ನಿದ್ದೆಗಣ್ಣಲ್ಲಿ ತಿದ್ದಿದಾರೆ. ಮರುಮೌಲ್ಯಮಾಪನಕ್ಕೆ ಹಾಕ್ತೀನಿ!” ಸಂತೆಯಲ್ಲೂ ಸಾರಿದರು, ಸಂಘದಲ್ಲೂ ಸಾರಿದರು. ಚುನಾವಣೆಗೆ ಹತ್ತು ದಿನವಿತ್ತು. ಬೇಡ ಎಂದು ಶರ್ಮಿಳಾ ಕೈಮುಗಿದರೂ ಕೇಳದೆ ಉತ್ತರಪತ್ರಿಕೆಯ ಪ್ರತಿ ತರಿಸಿದರು.

ಅತ್ತೆ ಸೊಸೆ ಅಡುಗೆಮನೆಯಲ್ಲಿ ಕೂತು ಅದನ್ನು ಬಿಡಿಸಿದರು. ಎಕ್ಸ್ ಸಂಹಾರವಾದ ಕಡೆಯಲ್ಲೆಲ್ಲ ಕೆಂಪು ಸೊನ್ನೆ. ಒಂದು ಕಡೆ ಮಾತ್ರ ಮೂರಕ್ಕೆ ಮೂರು. ಅದೇ ಎಕ್ಸ್ ವರ್ಗ ಮೈನಸ್ ಒಂಬತ್ತು. ಯಾರೋ ಪುಣ್ಯಾತ್ಮ ಉತ್ತರವನ್ನಷ್ಟೇ ನೋಡಿ ಅಂಕ ಕೊಟ್ಟಿದ್ದ.

“ನೋಡು, ಸರಿ ಅಂತ ಹಾಕಿದಾರೆ!”

ಶರ್ಮಿಳಾ ಹಾಳೆಯ ಅಂಚಿನಲ್ಲಿ ಬರೆದಳು: ಮೇಲೆ ಎಕ್ಸ್ ವರ್ಗ ಮೈನಸ್ ಹದಿನಾರು, ಕೆಳಗೆ ಎಕ್ಸ್ ಮೈನಸ್ ಎರಡು. “ನಿಮ್ಮ ದಾರೀಲೇ ಮಾಡಿ.”

“ಎಕ್ಸ್ ಪ್ಲಸ್ ಎಂಟು.”

“ಈಗ ಎಕ್ಸ್‌ಗೆ ನಾಲ್ಕು ಹಾಕಿ.”

ಸರ್ವಮಂಗಳಮ್ಮ ಹಾಕಿದರು. ನಾಲ್ಕರ ವರ್ಗ ಹದಿನಾರು, ಅದರಲ್ಲಿ ಹದಿನಾರು ಹೋದರೆ ಸೊನ್ನೆ. ಕೆಳಗೆ ಎರಡು. ಒಟ್ಟು ಸೊನ್ನೆ. ತಮ್ಮ ಉತ್ತರಕ್ಕೆ ನಾಲ್ಕು ಹಾಕಿದರು. ಹನ್ನೆರಡು. ಬೆರಳು ಮಡಿಸಿ ಮತ್ತೊಮ್ಮೆ ನೋಡಿದರು. ಎಷ್ಟು ಜೋರಾಗಿ ಹೇಳಿದರೂ ಸೊನ್ನೆ ಹನ್ನೆರಡಾಗಲಿಲ್ಲ.

ಒಲೆಯ ಮೇಲೆ ಹಾಲು ಉಕ್ಕಿತು. ಇಬ್ಬರೂ ಏಳಲಿಲ್ಲ.

“ಮರುಮೌಲ್ಯಮಾಪನಕ್ಕೆ ಹಾಕಿದ್ರೆ...?” ಅತ್ತೆಯ ದನಿ ಒಲೆಗೂ ಕೇಳಿಸುವಂತಿರಲಿಲ್ಲ.

“ಈ ಮೂರು ಹೋದ್ರೆ ಮೂವತ್ತೆರಡು ಅತ್ತೆ.”

ಸರ್ವಮಂಗಳಮ್ಮ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಪೆನ್ನನ್ನು ಸೊಸೆಯ ಕಡೆಗೆ ತಳ್ಳಿ ಹೇಳಿದರು: “ಅದೇನೋ ಅಪವರ್ತನ ಅಂತಿದ್ಯಲ್ಲ, ಇನ್ನೊಂದ್ಸಲ ಹೇಳು.”

ಹತ್ತು ಲೆಕ್ಕ ಮಾಡಿದರು. ಎಂಟು ಸರಿಯಾಯಿತು. ಒಂಬತ್ತನೆಯದನ್ನು ತಾವೇ ತಿದ್ದಿಕೊಂಡರು. ಆಗ ಸಿದ್ದಬಸಪ್ಪ ಜಯಪ್ರಕಾಶ್ ಮೇಷ್ಟ್ರನ್ನು ಕರೆದುಕೊಂಡು ಒಳಗೆ ಬಂದರು. ಮೇಷ್ಟ್ರು ಪಿಯು ಕಾಲೇಜಿನಲ್ಲಿ ಪಾಠ ಹೇಳುವವರು. ಮರುಮೌಲ್ಯಮಾಪನದ ಅರ್ಜಿಯನ್ನು ಅವರ ಕೈಯಲ್ಲೇ ತುಂಬಿಸೋಣವೆಂದು ಗಂಡ ಹೊರಟಿದ್ದರು.

“ಎಲ್ಲೇ ಉತ್ತರಪತ್ರಿಕೆ? ಕೊಡು, ನ್ಯಾಯ ಕೇಳೋಣ.”

“ಬೇಡ.”

“ಯಾಕೆ? ಸಂತೇಲೆಲ್ಲ ಹೇಳಿದ್ದೀಯಲ್ಲ!”

“ಅದಕ್ಕೆಲ್ಲ ಟೈಮಿಲ್ಲ ಕಣ್ರೀ, ಕಾಣಲ್ವಾ? ಪಿಯುಸಿಗೆ ಓದ್ತಾ ಇದೀನಿ!”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ಹೊಡೆದು ಹಾಕುವ ವಿಧಾನ ಯಾವ ಗಣಿತದಲ್ಲೂ ಇಲ್ಲ. ಜಯಪ್ರಕಾಶ್ ಮೇಷ್ಟ್ರಿಗೆ ಕಣ್ಣು ತುಂಬಿಬಂತು. “ಇಂಥವರೇ ಬೇಕು ಅಮ್ಮ ನಮಗೆ!” ಎಂದು ಚೀಲದಿಂದ ಬೇರೆಯೇ ಅರ್ಜಿ ತೆಗೆದರು. “ವಿಷಯ ಏನ್ ಬರ್ಕೊಳ್ಲಿ? ಇತಿಹಾಸ, ಸಮಾಜಶಾಸ್ತ್ರ...”

“ಇತಿ...” ಎಂದು ಸರ್ವಮಂಗಳಮ್ಮ ಬಾಯಿ ತೆರೆದಿದ್ದರು.

“ಇತಿಹಾಸ ಯಾರಿಗೆ ಬೇಕು ಸಾರ್?” ಸಿದ್ದಬಸಪ್ಪ ಕುರ್ಚಿ ಎಳೆದು ಕೂತರು. ಮುಖದಲ್ಲಿ ಇದ್ದದ್ದು ಕುಚೋದ್ಯವೋ ಹೆಮ್ಮೆಯೋ, ಹೆಂಡತಿಗೂ ಗೊತ್ತಾಗಲಿಲ್ಲ. “ಪೇಪರ್ ತಿದ್ದಿದೋರ ತಪ್ಪನ್ನೇ ಹಿಡಿಯೋಕೆ ಹೊರಟಿದ್ದ ಹೆಂಗಸು ಇವಳು. ಗಣಿತ ಇರೋದನ್ನೇ ಬರ್ಕಳಿ.”

ಸರ್ವಮಂಗಳಮ್ಮ ಗಂಡನನ್ನು ನೋಡಿದರು, ಸೊಂಟದಲ್ಲಿದ್ದ ಕಾಗದವನ್ನು ಮುಟ್ಟಿ ನೋಡಿಕೊಂಡರು, ತಲೆ ಎತ್ತಿದರು.

“ಬರ್ಕಳಿ. ನಾನೇನು ಹೆದರ್ತೀನಾ?”

ಉಕ್ಕಿದ ಹಾಲು ಒರೆಸುತ್ತಿದ್ದ ಸೊಸೆ, ತಿರುಗಿಯೂ ನೋಡದೆ ಹೇಳಿದಳು: “ಹಾಗಾದ್ರೆ ನಾಳೆಯಿಂದ ಐದಕ್ಕೇ ಏಳಬೇಕು ಅತ್ತೆ.”