ನುಸುಳುಕೋರನ ಹುದ್ದೆ ಖಾಲಿ ಇದೆ

ನಮ್ಮ ಗಡಿ ಕಣ್ಗಾವಲು ತಂತ್ರಜ್ಞಾನ ಅಭಿವೃದ್ಧಿ ಕಚೇರಿಯ ಯಂತ್ರ ಇದುವರೆಗೆ ಒಂದೇ ಒಂದು ತಪ್ಪು ಮಾಡಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಕಂಬದ ಮೇಲೆ ಕೂತು ಗಡಿಗೆರೆಯನ್ನು ನೋಡುವುದು, ಯಾರಾದರೂ ದಾಟಿದರೆ ಕಿರುಚುವುದು, ಇಷ್ಟೇ ಅದರ ಕೆಲಸ. ತೊಂದರೆಯೆಂದರೆ ನಮ್ಮ ಗಡಿಯನ್ನು ಯಾರೂ ದಾಟುತ್ತಿರಲಿಲ್ಲ. ಯಂತ್ರಕ್ಕೆ ಕಲಿಸಲು ನುಸುಳುಕೋರ ಬೇಕು, ನುಸುಳುಕೋರರಿಗೋ ನಮ್ಮ ಕಡೆ ತಲೆ ಹಾಕುವ ಮನಸ್ಸೇ ಇಲ್ಲ. ಇಷ್ಟೊಂದು ಲೆಕ್ಕಕ್ಕಿಲ್ಲದವರೇ ನಾವು ಎಂದು ಕಚೇರಿಗೆ ಕಚೇರಿಯೇ ನೊಂದುಕೊಂಡಿತ್ತು.

ಆಗ ದರ್ಜಿ ಬಂದ. ಕಚೇರಿಯ ಕಿಟಕಿ ಪರದೆಗಳನ್ನೆಲ್ಲ ಹೊಲಿದವನು. ಗೆರೆಯಾಚೆಯ ಮೊದಲ ಮನೆಯಲ್ಲಿ ಅವನ ಅಕ್ಕ ಹಾಸಿಗೆ ಹಿಡಿದಿದ್ದಳು. ಅವಳಿಗೆಂದು ಹೊಲಿದ ರಜಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ದಾಟಲು ಅನುಮತಿ ಕೇಳಿದ.

"ಅನುಮತಿ ಆಗೋ ಮಾತಲ್ಲ," ಎಂದರು ನಿರ್ದೇಶಕರು. "ಆದರೆ ನುಸುಳುಕೋರನ ಹುದ್ದೆ ಖಾಲಿ ಇದೆ ನೋಡು."

"ಅಯ್ಯೋ, ನಾನು ಅಂಥವನಲ್ಲ ಸಾರ್."

"ಹುಟ್ಟುವಾಗಲೇ ಯಾರೂ ಅಂಥವರಾಗಿರಲ್ಲಪ್ಪ. ತರಬೇತಿ ಕೊಡ್ತೀವಿ."

ಕರ್ತವ್ಯನಿರತ ನುಸುಳುಕೋರನು ಸಂಶಯಾಸ್ಪದ ವಸ್ತುವೊಂದನ್ನು ಹೊಂದಿರತಕ್ಕದ್ದು ಎಂದು ನಿಯಮ. ಹಾಗಾಗಿ ರಜಾಯಿಯನ್ನೇ ಸಂಶಯಾಸ್ಪದವೆಂದು ಘೋಷಿಸಿದೆವು. ನೆರೆದೇಶದ ಜೊತೆ ಸಹಕಾರ ಒಪ್ಪಂದವೂ ಆಯಿತು. ನಮ್ಮ ಯಂತ್ರ ಕಿರುಚಿದರೆ ಅವರ ಕಾವಲಿನವರು ಹಿಡಿಯಬೇಕು. ನಮ್ಮವರನ್ನು ನಾವೇ ಹಿಡಿಯಹೋದರೆ ಕನಿಕರ ಅಡ್ಡ ಬರುತ್ತದೆ ಎಂಬುದು ತಜ್ಞರ ಅಭಿಪ್ರಾಯ. ಹುದ್ದೆಯಲ್ಲಿರುವ ನುಸುಳುಕೋರನನ್ನು ಸಂಜೆ ವಾಪಸು ಕಳಿಸತಕ್ಕದ್ದು, ಹುದ್ದೆಯಿಲ್ಲದೆ ನುಸುಳಿದವನನ್ನು ಅಲ್ಲೇ ಇಟ್ಟುಕೊಳ್ಳತಕ್ಕದ್ದು.

ದರ್ಜಿ ದಿನಾ ಹೋದ. ಗೆರೆ ಮೇಲೆ ಕಾಲಿಟ್ಟ ಕೂಡಲೇ ಯಂತ್ರ ಕಿರುಚಿತು, ಆಚೆಯವರು ಓಡಿ ಬಂದು ಹಿಡಿದರು, ಸಂಜೆ ರಜಾಯಿ ಸಮೇತ ಕಳಿಸಿದರು. ಅಷ್ಟರಲ್ಲಿ ಚಳಿ ಬಂತು.

"ಅಕ್ಕ ಕೆಮ್ಮೋದು ಗೆರೆ ಹತ್ರಕ್ಕೇ ಕೇಳುತ್ತೆ ಸಾರ್. ಇದೊಂದನ್ನ ಕೊಟ್ಟು ಬಂದ್ಬಿಡ್ತೀನಿ," ಎಂದು ಅವನು ನನ್ನ ಮೇಜಿನ ಮುಂದೆ ಅತ್ತಾಗ ನನಗೂ ಕರುಳು ಚುರುಕ್ಕೆಂದಿತು. ಆದರೆ ಕರುಳಿಗೆ ಸಹಿ ಹಾಕುವ ಅಧಿಕಾರವಿಲ್ಲ.

ಒಂದು ಬೆಳಿಗ್ಗೆ ಯಂತ್ರ ಕಿರುಚಲಿಲ್ಲ. ದಿನಾ ಅದೇ ಮುಖ ನೋಡಿ ನೋಡಿ, ದರ್ಜಿಯನ್ನೂ ಗಡಿಯ ಕಂಬ, ಪೊದೆಗಳ ಲೆಕ್ಕಕ್ಕೆ ಸೇರಿಸಿಕೊಂಡಿತ್ತು. ಅವನು ಆರಾಮವಾಗಿ ದಾಟಿ ಹೋಗಿ, ಸಂಜೆ ಬರಿಗೈಲಿ ಬಂದ. ಮುಖ ಅರಳಿತ್ತು.

"ಅಕ್ಕನಿಗೆ ಹೊದಿಸಿ ಬಂದೆ ಸಾರ್. ಬೆಚ್ಚಗಿದೆ ಕಣೋ ಅಂದಳು."

"ಬುರುಡೆ ಬಿಡಬೇಡ!" ಎಂದು ನಿರ್ದೇಶಕರು ಗದರಿದರು. "ಯಂತ್ರ ಕಿರುಚಿಲ್ಲ ಅಂದ್ಮೇಲೆ ನೀನು ದಾಟೇ ಇಲ್ಲ."

"ಹಾಗಾದ್ರೆ ರಜಾಯಿ ಎಲ್ಲಿ ಹೋಯ್ತು ಸಾರ್?"

ಈ ಪ್ರಶ್ನೆ ಕಚೇರಿಯನ್ನು ಇಕ್ಕಟ್ಟಿಗೆ ಸಿಲುಕಿಸಿತು. ಒಮ್ಮೆ ಸಂಶಯಾಸ್ಪದವೆಂದು ಘೋಷಿಸಿದ ವಸ್ತು ಸರ್ಕಾರದ ಸ್ವತ್ತು. ಯಂತ್ರವೇ ಗುರುತಿಸದವನು ನುಸುಳುಕೋರನಾಗಲು ಅನರ್ಹನೆಂದು ದರ್ಜಿಯನ್ನು ಹುದ್ದೆಯಿಂದ ಬಿಡುಗಡೆಗೊಳಿಸಲಾಯಿತು. ರಜಾಯಿ ಗೆರೆಯ ಈಚೆಯೇ ಎಲ್ಲೋ ಬಿದ್ದಿರಬೇಕೆಂದು ನಿರ್ದೇಶಕರು ಖುದ್ದು ಹುಡುಕಹೋದರು. ಪೊದೆಯೊಳಗೆ ಬಗ್ಗಿ ನೋಡುವಾಗ ಅವರ ಒಂದು ಬೂಟು ಗೆರೆ ದಾಟಿತು.

ಯಂತ್ರ ಊರಿಗೆಲ್ಲ ಕೇಳುವ ಹಾಗೆ ಕಿರುಚಿತು.

ನೆರೆದೇಶದವರು ಒಪ್ಪಂದವನ್ನು ಚಾಚೂ ತಪ್ಪದೆ ಪಾಲಿಸಿ, ಹುದ್ದೆಯಿಲ್ಲದ ಅವರನ್ನು ಅಲ್ಲೇ ಇಟ್ಟುಕೊಂಡರು. "ಆ ಯಂತ್ರ ಮಾಡಿಸಿದವನೇ ನಾನು ಕಣ್ರಯ್ಯಾ!" ಎಂದು ನಿರ್ದೇಶಕರು ಬಾಯಿ ಬಾಯಿ ಬಡಿದುಕೊಂಡರಂತೆ. "ಅದು ತಪ್ಪು ಮಾಡಲ್ಲ ಅಂತ ಹೇಳಿದವರೂ ನೀವೇ ಅಲ್ವಾ ಸಾರ್?" ಎಂದರಂತೆ ಅವರು, ತುಂಬಾ ಗೌರವದಿಂದ.

ಈಗ ನಾನು ಪ್ರಭಾರ ನಿರ್ದೇಶಕ. ಕುರ್ಚಿ ಮೆತ್ತಗಿದೆ. ದರ್ಜಿ ದಿನಾ ಅಕ್ಕನ ಮನೆಗೆ ಹೋಗಿ ಬರುತ್ತಾನೆ. ಯಂತ್ರ ಕಿರುಚದಿರುವುದರಿಂದ ಅವನು ಹೋಗುತ್ತಿಲ್ಲ, ಹೋಗದಿರುವುದಕ್ಕೆ ನಮ್ಮ ಆಕ್ಷೇಪಣೆಯೂ ಇಲ್ಲ. ಅಕ್ಕ ಈಗ ಎದ್ದು ಕೂರುತ್ತಾಳಂತೆ.

ನಿನ್ನೆ ಅವನೇ ಬಂದು ಹೇಳಿದ. "ಸಾಹೇಬ್ರನ್ನ ನೋಡ್ಕೊಂಡು ಬಂದೆ ಸಾರ್. ಚಳಿಗೆ ಮುದುಡಿಕೊಂಡಿದ್ದಾರೆ. ಹೆಂಡತಿ ಮಕ್ಕಳ ಮುಖ ನೋಡಬೇಕು, ಮನೆಗೆ ಬರೋಕೆ ಅನುಮತಿ ಕೊಡಿಸಿ ಅಂತ ಕೇಳಿದ್ರು."

ಮತ್ತೆ ಕರುಳು ಚುರುಕ್ಕೆಂದಿತು. ಈಗ ಸಹಿ ಹಾಕುವ ಅಧಿಕಾರವೂ ನನ್ನದೇ. ಆದರೂ ನಿಯಮ ನಿಯಮವೇ.

"ಅನುಮತಿ ಆಗೋ ಮಾತಲ್ಲ ಅಂತ ಹೇಳು," ಎಂದೆ. "ಆದರೆ ನುಸುಳುಕೋರನ ಹುದ್ದೆ ಖಾಲಿ ಇದೆ."

ನಿರ್ದೇಶಕರು ಒಪ್ಪಿದ್ದಾರೆ. ಸೋಮವಾರದಿಂದ ಕೆಲಸ, ಒಪ್ಪಂದದಂತೆ ಸಂಜೆ ವಾಪಸು. ಸಂಶಯಾಸ್ಪದ ವಸ್ತು ಹೊಲಿಯಲು ದರ್ಜಿ ಅವರ ಅಳತೆ ತೆಗೆದುಕೊಂಡಿದ್ದಾನೆ.