ಅತ್ತೆ ಹಿಡಿದ ಪ್ರೋಬು

ಉಗಾಂಡದ ಮಸಾಕಾ ಊರಿನ ಲುಬೋವ ಊಟದ ಮೇಜಿನ ತುಂಬ ರಿಪೇರಿಯ ರೇಡಿಯೋಗಳನ್ನು ಹರಡಿ, ಬೇಯಿಸಿದ ಬಾಳೆಕಾಯಿಯ ಮಟೋಕೆ ಬಡಿಸಲೂ ಜಾಗವಿಲ್ಲದಂತೆ ಮಾಡಿದ್ದರಿಂದ ಅವನ ಹೆಂಡತಿ ನನ್ಸಾಂಬ ತವರಿಗೆ ಹೋಗಿ ಕುಳಿತಳು. ಕೆಲವು ದಿನಗಳಲ್ಲಿ ಅತ್ತೆಯಿಂದ ಸುದ್ದಿ ಬಂತು: ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಕೆಟ್ಟಿದೆ, ಸಂಜೆಯೊಳಗೆ ಸರಿಮಾಡಿದರೆ ಮಗಳನ್ನು ಕರೆದೊಯ್ಯಬಹುದು.

ಕಷ್ಟ ಪೆಟ್ಟಿಗೆಯದಲ್ಲ. ನಮ್ಮಲ್ಲಿ ಅತ್ತೆ ಅಳಿಯಂದಿರು ಮುಟ್ಟಿಕೊಳ್ಳುವುದಿರಲಿ, ಎದುರಾಗಿ ನಿಲ್ಲುವುದೂ ಸಲ್ಲದು. ಅತ್ತೆಯೋ ಮೊಟ್ಟೆಗಳನ್ನು ಬಿಟ್ಟು ಕದಲಲೊಲ್ಲರು. ಆದುದರಿಂದ ಲುಬೋವ ಅತ್ತೆಮನೆಯ ಕಿಟಕಿಯ ಹೊರಗೆ, ಬಾಳೆಯ ಬುಡದಲ್ಲಿ, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪನ್ನು ಸ್ಟೂಲಿನ ಮೇಲಿಟ್ಟುಕೊಂಡು, ಅಡುಗೆಮನೆಯಿಂದ ಅಟ್ಟಿದ ಬೆಕ್ಕಿನಂತೆ ಕುಳಿತ. ಪರದೆಯ ಸಂದಿನಿಂದ, ತುದಿಯಲ್ಲಿ ಪ್ರೋಬು ಎಂಬ ಅಳೆಯುವ ಹಿಡಿಕೆಯಿದ್ದ ತಂತಿಗಳು ಒಳಹೋದವು. ಅವುಗಳನ್ನು ಹಿಡಿಯಲು ನೆರೆಮನೆಯ ನಲ್ವೋಗ ಒಪ್ಪಿದಳು. ಗಂಡನ ಸಾಮಾನು ಮುಟ್ಟುವುದಿಲ್ಲವೆಂದು ನನ್ಸಾಂಬ ಆಣೆಯಿಟ್ಟಿದ್ದಳು. ಉಳಿದ ನೆರೆಹೊರೆಯವರು ಸಲಹೆ ಕೊಡಲು ಲುಬೋವನ ಬೆನ್ನ ಹಿಂದೆ ಸೇರಿದರು.

“ಮೊದಲು ಇಕ್ಕಳದ ಹಾಗಿರೋ ಪ್ರೋಬು, ಅಕ್ಕಾ,” ಎಂದು ಲುಬೋವ ನಲ್ವೋಗಳಿಗೆ ಕೂಗಿ ಹೇಳಿದ. “ಕಾವು ಕೊಡೋ ದೀಪದ ಒಂದು ವೈರನ್ನ ಅದರ ಬಾಯೊಳಗೆ ಇಡಿ. ಮುಟ್ಟದೇನೇ ಕರೆಂಟು ಹರೀತಿದ್ಯಾ ಅಂತ ಹೇಳುತ್ತೆ.”

“ಮುಟ್ಟದೇನೇ ಎಲ್ಲಾ ತಿಳ್ಕೊಳ್ಳುತ್ತಾ? ಹಾಗಾದ್ರೆ ಇದು ಅಳಿಯಂದಿರಿಗಂತಲೇ ಮಾಡಿದ ಪ್ರೋಬು ಕಣ್ರೋ,” ಎಂದರು ಕೇರಿಯ ಹಿರಿಯರಾದ ಸೆಬುಲಿಬ.

ಕರೆಂಟು ಹರಿಯುತ್ತಿರಲಿಲ್ಲ. ಮುಂದಿನದು ಮೊನಚು ತುದಿಯ ಪ್ರೋಬು.

“ಮೊನೇನ, ದೀಪ ಹೊತ್ತಿಸಿ ಆರಿಸೋ ಬೋರ್ಡಿನ ಕೊನೇ ಪಿನ್ನಿಗೆ ತಾಗಿಸಿ. ಅದರ ಕ್ಲಿಪ್ಪನ್ನ ಕಪ್ಪು ವೈರಿಗೆ ಕಚ್ಚಿಸಿ.”

“ಎರಡೆರಡು ಯಾಕಪ್ಪಾ?”

“ಒಂದೇ ಕಡೆ ಹಿಡ್ಕೊಂಡು ಅಳೆಯೋಕಾಗಲ್ಲ ಅಕ್ಕಾ.”

“ಇದನ್ನ ಮನೇಲಿದ್ದಾಗಲೂ ನೆನಪಿಟ್ಕೋಬೇಕಿತ್ತು,” ಎಂದಳು ಒಳಗಿನಿಂದ ನನ್ಸಾಂಬ.

ಆಸಿಲೋಸ್ಕೋಪಿನ ತೆರೆಯ ಮೇಲೆ ಚೌಕಾಕಾರದ ಅಲೆ ಮೂಡಿತು. ಬೋರ್ಡು ಆಜ್ಞೆ ಕೊಡುತ್ತಿದೆ, ದೀಪಕ್ಕೆ ತಲುಪುತ್ತಿಲ್ಲ. ಎಂದಮೇಲೆ ದೋಷ ನಡುವಿನ ತಂತಿಯದು. ನಲ್ವೋಗ ಪ್ಲಗ್ಗು ಕಿತ್ತು, ಸಡಿಲಾಗಿದ್ದ ತಿರುಪನ್ನು ಬಿಗಿದು, ಮತ್ತೆ ಹಾಕಿದಳು. ದೀಪ ಹೊತ್ತಿತು. ನನ್ಸಾಂಬ ಚೀಲ ತುಂಬತೊಡಗಿದಳು.

ಆಗ ಅತ್ತೆ, ಅಳಿಯನ ಸಾಮಾನು ನೆಲದ ಪಾಲಾಗಬಾರದೆಂದು ಪ್ರೋಬನ್ನು ಎತ್ತಿಕೊಂಡರು. ಹಿಡಿದದ್ದು ಲೋಹದ ಮೊನೆಯನ್ನೇ. ತೆರೆಯ ಗೆರೆ ಗಡಗಡನೆ ಕುಣಿಯಿತು.

“ವೈರಿನ ಆ ತುದಿ ಯಾರ ಕೈಲಿದೆ?” ಎಂದು ಕೇಳಿದರು ಸೆಬುಲಿಬ.

“ನನ್ನ ಕೈಲಿ,” ಎಂದರು ಅತ್ತೆ ಪರದೆಯ ಹಿಂದಿನಿಂದ.

“ಈ ತುದಿ?”

“ಈ ಆಸಿಲೋಸ್ಕೋಪಲ್ಲಿ ಅಜ್ಜ,” ಎಂದ ಲುಬೋವ.

“ಅದರ ಮೇಲಿರೋದು ಯಾರ ಕೈ?”

ಲುಬೋವ ಕೈ ತೆಗೆದ. ತಡವಾಗಿತ್ತು. ಅತ್ತೆಯೂ ಅಳಿಯನೂ ಮುಟ್ಟಿಕೊಂಡರೆ ನಡುಕದ ರೋಗ ಬರುವುದೆಂದು ಮಕ್ಕಳಿಗೂ ಗೊತ್ತು.

“ಅದು ರೋಗ ಅಲ್ಲ ಅಜ್ಜ. ಮನೆ ಕರೆಂಟು ಗುಂಯ್‌ಗುಡೋದನ್ನ ಮೈ ಏರಿಯಲ್ ಹಾಗೆ ಹಿಡಿಯುತ್ತೆ, ಅಷ್ಟೇ. ಅಕ್ಕಾ, ಪ್ರೋಬಿನ ಗುಂಡೀನ ‘10’ ಅಂತ ಬರೆದಿರೋ ಕಡೆ ತಳ್ಳಿ, ಅಲೇನ ಹತ್ತು ಪಾಲು ಸಣ್ಣದು ಮಾಡುತ್ತೆ.”

ನಲ್ವೋಗ ತಳ್ಳಿದಳು. ಅಲೆ ಕುಗ್ಗಿತು.

“ಹತ್ತನೇ ಒಂದು ಪಾಲಾಯ್ತು. ಹೋಗಲಿಲ್ಲ,” ಎಂದರು ಸೆಬುಲಿಬ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಲುಬೋವ ತಂತಿಯನ್ನು ಹೊರಗೆಳೆದುಕೊಂಡ. “ಯಾರು ಮುಟ್ಟಿದ್ರೂ ಹೀಗೇ ಬರುತ್ತೆ. ಬನ್ನಿ, ನೀವೇ ಮುಟ್ಟಿ ನೋಡಿ.”

ಸೆಬುಲಿಬ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಉಳಿದವರು ಹಿಂದೆ ಸರಿದರು. ತಾಳ್ಮೆಗೆಟ್ಟ ಲುಬೋವ ಮೊನೆಯನ್ನು ತಾನೇ ಹಿಡಿದ. ಗೆರೆ ಅತ್ತೆಯ ಕೈಯಲ್ಲಿ ಕುಣಿದಂತೆಯೇ ಕುಣಿಯಿತು.

“ನೋಡಿದ್ರಾ?” ಎಂದ, ಗೆದ್ದವನಂತೆ.

ಎಲ್ಲರೂ ನೋಡಿದರು.

“ಪಾಪ,” ಎಂದರು ಸೆಬುಲಿಬ, “ಇವನಿಗಾಗಲೇ ಹತ್ತಿಬಿಟ್ಟಿದೆ.”

ಪರದೆಯ ಹಿಂದೆ ನನ್ಸಾಂಬ ಚೀಲ ಬಿಚ್ಚುವ ಸದ್ದು ಕೇಳಿಸಿತು.